ಬೆನ್ನಿಲೆ ಓಡುವ ನಾಯಿ

ಅನಿಮೇಶನ್ ಕಲಿಯಲು ಬಂದವರಿಗೆಲ್ಲ ಮೊದಲ ವಾರದಲ್ಲೇ ಒಂದು ಖುಷಿ ಸಿಗುತ್ತದೆ. ಸಿನಿಮಾದ ಒಂದು ಸೆಕೆಂಡು ಅಂದರೆ 24 ಬಿಡಿ ಚಿತ್ರ, ಒಂದೊಂದೂ ಒಂದು ಫ್ರೇಮ್. 1ನೇ ಫ್ರೇಮಿನಲ್ಲಿ ಒಂದು ಡಬ್ಬಿಯನ್ನು ಪರದೆಯ ಎಡಕ್ಕೆ ಇಡಬೇಕು. 24ನೇ ಫ್ರೇಮಿನಲ್ಲಿ ಅದನ್ನೇ ಬಲಕ್ಕೆ ಇಡಬೇಕು. ಪ್ಲೇ ಒತ್ತಿದರೆ ಡಬ್ಬಿ ಎಡದಿಂದ ಬಲಕ್ಕೆ ತಾನಾಗಿಯೇ ಜಾರಿಕೊಂಡು ಹೋಗುತ್ತದೆ. ನಡುವಿನ 22 ಫ್ರೇಮುಗಳನ್ನು ನಾವು ಮುಟ್ಟಿಯೇ ಇಲ್ಲ. ಕಂಪ್ಯೂಟರ್ ಪುಕ್ಕಟೆ ತುಂಬಿಕೊಟ್ಟಿದೆ. ಬೆಳಗಾವಿಯ ನಮ್ಮ ಕ್ಲಾಸಿನಲ್ಲಿ ಅವತ್ತು ಎಲ್ಲರ ಮುಖದಲ್ಲೂ ನಗು. ಹಿಂದಿನ ಸಾಲಿನ ಹುಡುಗನೊಬ್ಬ "ಇಷ್ಟ ಸುಲಭ ಇದ್ರ ಫೀಸ್ ಯಾಕ್ರೀ ಸರ್ ಅಷ್ಟ?" ಅಂತ ಕೇಳಿಯೇಬಿಟ್ಟ. ಸರ್ ನಕ್ಕು ಸುಮ್ಮನಾದರು.

ಅದರ ಉತ್ತರ ಈಗ ನನಗೆ ಸ್ವಲ್ಪ ಗೊತ್ತಾಗಿದೆ. ಆ ಪುಕ್ಕಟೆ 22 ಫ್ರೇಮುಗಳನ್ನು ಬೇಡ ಅನ್ನುವುದನ್ನು ಕಲಿಯೋದಕ್ಕೇ ಫೀಸು. ಮಾಡೆಲಿಂಗ್, ಟೆಕ್ಸ್ಚರ್, ಲೈಟಿಂಗ್ ಇವೆಲ್ಲ ಕಷ್ಟವೇ. ಆದರೆ ಅಲ್ಲಿ ಎಲ್ಲಿ ಕೆಟ್ಟಿದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ಮೂಗು ಸೊಟ್ಟ ಇದ್ದರೆ ಸೊಟ್ಟ ಇದೆ, ನೇರ ಮಾಡಿದರಾಯಿತು. ಚಲನೆಯಲ್ಲಿ ಹಾಗಲ್ಲ. ಒಂದೊಂದು ಫ್ರೇಮ್ ನಿಲ್ಲಿಸಿ ನೋಡಿದರೆ ಎಲ್ಲ ಸರಿ. ಪ್ಲೇ ಮಾಡಿದರೆ ಏನೋ ಸುಳ್ಳು. ಪಾತ್ರ ನಡೆಯುತ್ತಿದೆ ಅನ್ನಿಸುವುದಿಲ್ಲ, ನೀರಿನೊಳಗೆ ತೇಲುತ್ತಿದೆ ಅನ್ನಿಸುತ್ತದೆ. ಕ್ಲಾಸಿನಲ್ಲಿ ಇದಕ್ಕೆ ಎಲ್ಲರೂ 'ಫ್ಲೋಟಿ' ಅಂತಾರೆ. ಆ ತೇಲಾಟ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತ ಹೋದರೆ ಕೊನೆಗೆ ಸಿಗೋದು ಕಂಪ್ಯೂಟರ್ ತುಂಬಿಕೊಟ್ಟ ಆ ನಡುವಿನ ಫ್ರೇಮುಗಳೇ.

ಚೆಂಡು

ಯಾವ ಊರಿನ ಅನಿಮೇಶನ್ ಕ್ಲಾಸಿಗೆ ಹೋದರೂ ಮೊದಲ ಪಾಠ ಪುಟಿಯುವ ಚೆಂಡೇ. ಮೇಲೆ ಒಂದು ಕೀಫ್ರೇಮ್ (ಅಂದರೆ ನಾವೇ ಇಡುವ ಫ್ರೇಮ್), ನೆಲದಲ್ಲಿ ಒಂದು, ಮತ್ತೆ ಮೇಲೆ ಒಂದು. ಪ್ಲೇ ಒತ್ತಿದರೆ ಚೆಂಡು ಕೆಳಗೆ ಬರುತ್ತದೆ, ನೆಲ ಹತ್ತಿರ ಬಂದಂತೆ ನಿಧಾನವಾಗುತ್ತದೆ, ಮೆಲ್ಲಗೆ ನೆಲ ಮುಟ್ಟಿ ಮೆಲ್ಲಗೆ ಮೇಲೇಳುತ್ತದೆ. ಭೂಮಿಯ ಮೇಲೆ ಯಾವ ಚೆಂಡೂ ಹೀಗೆ ಬಿದ್ದಿಲ್ಲ. ಬೀಳುವ ಚೆಂಡು ನೆಲ ಹತ್ತಿರವಾದಷ್ಟೂ ಜೋರಾಗುತ್ತದೆ. ಕೈಯಿಂದ ಬಿಟ್ಟ ಚೆಂಡು ಅರ್ಧ ಸೆಕೆಂಡಿನಲ್ಲಿ, ಅಂದರೆ 12 ಫ್ರೇಮುಗಳಲ್ಲಿ, ಸುಮಾರು 1.2 ಮೀಟರ್ ಬೀಳುತ್ತದೆ. ಆದರೆ ಆ 1.2 ಮೀಟರನ್ನು 12 ಫ್ರೇಮುಗಳಿಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಮೊದಲ ಫ್ರೇಮಿನಲ್ಲಿ ಅದು ಇಳಿಯುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. ಕೊನೆಯ ಫ್ರೇಮಿನಲ್ಲಿ ಹತ್ತಿರ ಹತ್ತಿರ 20 ಸೆಂಟಿಮೀಟರ್. 1, 3, 5, 7 ಅಂತ ಬೆಸ ಸಂಖ್ಯೆಗಳ ಲೆಕ್ಕದಲ್ಲಿ ದೂರ ಬೆಳೆಯುತ್ತ ಹೋಗುತ್ತದೆ ಅನ್ನೋದನ್ನು ಗೆಲಿಲಿಯೋ 400 ವರ್ಷಗಳ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾನೆ. ಹೈಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಇದು ಕಣ್ಣಿಗೆ ಕಾಣುವ ವಿಷಯ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಹಾಗಾದರೆ ನಾವು ಬಳಸುವ ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಯಾಕೆ ಹೀಗೆ ತುಂಬುತ್ತದೆ? ಅದಕ್ಕೆ ಚೆಂಡು ಗೊತ್ತಿಲ್ಲ, ನೆಲ ಗೊತ್ತಿಲ್ಲ. ಎರಡು ಸಂಖ್ಯೆ ಕೊಟ್ಟಿದ್ದೀರಿ, ನಡುವೆ ಒಂದು ನುಣುಪಾದ ಗೆರೆ ಎಳೆದುಕೊಡುತ್ತದೆ, ಅಷ್ಟೇ. ಆ ಗೆರೆಗೆ ಬೆಜಿಯೇ ಕರ್ವ್ ಅಂತಾರೆ. ಫ್ರಾನ್ಸಿನ ರೆನೋ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಪಿಯೇರ್ ಬೆಜಿಯೇ 1960ರ ದಶಕದಲ್ಲಿ ಕಾರಿನ ಬಾಡಿಯ ಡಿಸೈನಿಗೆ ಬಳಸಿ ಹೆಸರಾಗಿಸಿದ ಗೆರೆ ಅದು. ಕಾರಿನ ಬಾನೆಟ್ಟಿಗೆ ನುಣುಪು ಬೇಕು, ಒಪ್ಪೋಣ. ನೆಲಕ್ಕೆ ಬಡಿಯುವ ಚೆಂಡಿಗೆ ಯಾಕೆ? ಈ ಗೆರೆಗಳನ್ನು ತಿದ್ದುವ ಗ್ರಾಫ್ ಎಡಿಟರ್ ತೆರೆದು, ಚೆಂಡು ನೆಲ ಮುಟ್ಟುವ ಜಾಗದಲ್ಲಿ ಆ ದುಂಡು ತಿರುವನ್ನು ಚೂಪು ಮಾಡಬೇಕು. ಇಂಗ್ಲಿಷಿನ 'ವಿ' ಅಕ್ಷರ ಇರುತ್ತದಲ್ಲ, ಹಾಗೆ. ಆಗ ಚೆಂಡು ನೆಲಕ್ಕೆ 'ಟಪ್' ಅಂತ ಬೀಳುತ್ತದೆ. ಸ್ಪೀಕರ್ ಆಫ್ ಇದ್ದರೂ ಆ ಸದ್ದು ಕೇಳಿಸಿದ ಹಾಗೆ ಆಗುತ್ತದೆ. ನಾನಂತೂ ಅದನ್ನು ಸುಮ್ನೆ ಲೂಪ್ ಹಾಕಿಕೊಂಡು ತುಂಬಾ ಹೊತ್ತು ನೋಡುತ್ತ ಕೂತಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ, ಕಂಡದ್ದನ್ನೆಲ್ಲ ಫ್ರೇಮ್ ಲೆಕ್ಕದಲ್ಲಿ ನೋಡುವ ರೋಗ. ತಿಲಕವಾಡಿಯ ಸೆಕೆಂಡ್ ಗೇಟ್ ಬಿದ್ದಾಗ ರೈಲು ಹೋಗುವವರೆಗೆ ಬೈಕಿನವರೆಲ್ಲ ಒಂದೊಂದು ಕಾಲು ಊರಿ ನಿಂತಿರುತ್ತಾರೆ. ಮೊದಲು ಅದು ಬರೀ ಟ್ರಾಫಿಕ್ ಆಗಿತ್ತು. ಈಗ ಅಲ್ಲಿ ನಿಂತರೆ ಯಾರ ಭಾರ ಯಾವ ಕಾಲಿನ ಮೇಲಿದೆ ಅನ್ನೋದೇ ಕಾಣುತ್ತದೆ. ಬುಲೆಟ್ ನಿಲ್ಲಿಸಿದವನ ಸೊಂಟ ಒಂದು ಕಡೆ ವಾಲಿರುತ್ತದೆ, ಸ್ಕೂಟಿಯವಳದು ನೆಟ್ಟಗಿರುತ್ತದೆ. ಗಾಡಿಯ ತೂಕ ಅವರ ಸೊಂಟದಲ್ಲಿ ಬರೆದಿಟ್ಟ ಹಾಗೆ. ಗೇಟ್ ಎದ್ದ ಕೂಡಲೇ ಎಲ್ಲರೂ ಮುಂದೆ ಹೋಗುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಎಲ್ಲರೂ ಮೊದಲು ಒಂದಿಷ್ಟು ಹಿಂದಕ್ಕೆ ವಾಲುತ್ತಾರೆ, ಆಮೇಲೆ ಮುಂದೆ. ಪುಸ್ತಕದಲ್ಲಿ ಇದಕ್ಕೆ 'ಆಂಟಿಸಿಪೇಶನ್' ಅಂತ ಹೆಸರಿದೆ. ಕಂಪ್ಯೂಟರಿಗೆ ಬಿಟ್ಟರೆ ಈ ಹಿಂದಕ್ಕೆ ವಾಲುವುದು ಬರುವುದೇ ಇಲ್ಲ. ಇಲ್ಲಿಂದ ಅಲ್ಲಿಗೆ ಹೋಗಬೇಕು ಅಂದರೆ ಅದು ಸೀದಾ ಹೋಗುತ್ತದೆ. ಬದುಕಿರುವ ಯಾವುದೂ ಸೀದಾ ಹೋಗುವುದಿಲ್ಲ.

ನಡುವಿನ ಚಿತ್ರ ಬರೆಯುತ್ತಿದ್ದವರು

ಕಂಪ್ಯೂಟರ್ ಬರುವ ಮೊದಲು ಈ ನಡುವಿನ ಫ್ರೇಮುಗಳನ್ನು ಮನುಷ್ಯರೇ ಬರೆಯುತ್ತಿದ್ದರು. ಡಿಸ್ನಿಯಂಥ ಸ್ಟುಡಿಯೋಗಳಲ್ಲಿ ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಮಾತ್ರ ಬಿಡಿಸುತ್ತಿದ್ದರು. ಅವುಗಳ ನಡುವೆ ಬರುವ ಚಿತ್ರಗಳನ್ನು 'ಇನ್‌ಬಿಟ್ವೀನರ್' ಅನ್ನುವ ಕಿರಿಯರು ತುಂಬುತ್ತಿದ್ದರು. ಬೇಸರದ ಕೆಲಸ, ಕಡಿಮೆ ಸಂಬಳ, ಪರದೆಯ ಮೇಲೆ ಎಷ್ಟೋ ಸಲ ಹೆಸರೂ ಇಲ್ಲ. 1970ರ ಆಸುಪಾಸಿನಲ್ಲಿ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಅನ್ನುವ ಇಬ್ಬರು ಈ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಿದರು. ಅದೇ ವಿಧಾನದಲ್ಲಿ ಮಾಡಿದ ಒಂದು ಕಿರುಚಿತ್ರ 1974ರಲ್ಲಿ ಬಂತು, ಆಸ್ಕರ್ ಸ್ಪರ್ಧೆಯ ಪಟ್ಟಿಯಲ್ಲೂ ಸೇರಿತು. ತಿಂದಷ್ಟೂ ಸಾಲದ ಒಬ್ಬ ಮನುಷ್ಯನ ಕಥೆ. ಅದರಲ್ಲಿ ಒಂದು ಆಕಾರ ಕರಗಿ ಇನ್ನೊಂದು ಆಗುತ್ತಲೇ ಇರುತ್ತದೆ. ಕಂಪ್ಯೂಟರಿನ ಆ ತೇಲಾಟವನ್ನು ಮುಚ್ಚಿಡುವ ಬದಲು ಅದನ್ನೇ ಕಥೆಗೆ ದುಡಿಸಿಕೊಂಡಿದ್ದಾರೆ. ನನಗೆ ಅದು ಬಹಳ ಜಾಣತನ ಅನ್ನಿಸಿತು. ಕರಗುವುದೇ ಕಥೆಯಾದರೆ ಪುಕ್ಕಟೆ ಫ್ರೇಮುಗಳು ಸಾಕು. ಕಥೆಯಲ್ಲಿ ಎಲುಬು, ಮಾಂಸ, ನೆಲ ಬಂದ ಕೂಡಲೇ ಸಾಲುವುದಿಲ್ಲ.

1987ರಲ್ಲಿ ಪಿಕ್ಸಾರ್ ಅನ್ನುವ ಕಂಪ್ಯೂಟರ್ ಅನಿಮೇಶನ್ ಕಂಪನಿಯ ಜಾನ್ ಲ್ಯಾಸೆಟರ್ ಕಂಪ್ಯೂಟರಿನವರ ಒಂದು ಸಮ್ಮೇಳನದಲ್ಲಿ ಒಂದು ಲೇಖನ ಮಂಡಿಸಿದ. ಕೈಯಲ್ಲಿ ಚಿತ್ರ ಬರೆಯುತ್ತಿದ್ದವರ ಹಳೆಯ ಸೂತ್ರಗಳನ್ನು ಕಂಪ್ಯೂಟರಿಗೂ ಅನ್ವಯಿಸಬೇಕು ಅನ್ನುವುದು ಅದರ ತಿರುಳು. ಇಷ್ಟು ಸರಳ ಮಾತನ್ನು ಎಂಜಿನಿಯರುಗಳ ಮುಂದೆ ನಿಂತು ಹೇಳಬೇಕಾಗಿ ಬಂತಲ್ಲ, ಅದನ್ನು ನೆನೆದಾಗೆಲ್ಲ ನನಗೆ ನಗು ಬರುತ್ತದೆ. ಯಂತ್ರ ತುಂಬಿಕೊಟ್ಟಿದ್ದು ಚೆನ್ನಾಗಿದೆ ಅಂತ ಆಗಲೂ ಜನ ಒಪ್ಪಿಕೊಂಡುಬಿಟ್ಟಿದ್ದರು ಅಂತಾಯಿತು.

(ಬ್ಲೆಂಡರ್ ಕೂಡ ಪುಕ್ಕಟೆಯೇ ಅಂತ ನೀವು ನನ್ನನ್ನು ಹಿಡಿಯಬಹುದು. ನಿಜ. 2002ರಲ್ಲಿ ಅದನ್ನು ಕಟ್ಟಿದ ಟಾನ್ ರೂಸೆಂಡಾಲ್ ಜನರಿಂದ ಒಂದು ಲಕ್ಷ ಯೂರೋ ಚಂದಾ ಎತ್ತಿ, ಆ ಸಾಫ್ಟ್‌ವೇರನ್ನು ಹೂಡಿಕೆದಾರರಿಂದ ಬಿಡಿಸಿ ಎಲ್ಲರಿಗೂ ಬಿಟ್ಟುಕೊಟ್ಟ. ಅದಿಲ್ಲದಿದ್ದರೆ ಮುಧೋಳ ತಾಲ್ಲೂಕಿನ ನನ್ನಂಥ ಹುಡುಗಿಯ ಹಳೇ ಲ್ಯಾಪ್‌ಟಾಪಿಗೆ ತ್ರೀಡಿ ಬರುತ್ತಲೇ ಇರಲಿಲ್ಲ. ಲಾಟ್ವಿಯಾದವರು ಇದರಲ್ಲೇ ಮಾಡಿದ, ಒಂದೂ ಮಾತಿಲ್ಲದ ಬೆಕ್ಕಿನ ಸಿನಿಮಾ 2025ರಲ್ಲಿ ಆಸ್ಕರ್ ಗೆದ್ದಾಗ ನಮ್ಮ ಕ್ಲಾಸಿನಲ್ಲಿ ಪೇಢಾ ಹಂಚಿದ್ದರು. ಪುಕ್ಕಟೆಯ ಮೇಲೆ ನನಗೇನೂ ಸಿಟ್ಟಿಲ್ಲ.)

ತುಫಾನ್

ನಮ್ಮೂರು ರನ್ನ ಬೆಳಗಲಿಯ ಕಡೆ. ಅಲ್ಲಿಯವರಿಗೆ ನಾಯಿ ಅಂದರೆ ಮುಧೋಳದ ನಾಯಿಯೇ. ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಜೋಡಿ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿ ಬಂದದ್ದು, ತಿಮ್ಮಾಪುರದ ಕೇಂದ್ರದಿಂದ ಸೈನ್ಯಕ್ಕೆ ಮರಿಗಳು ಹೋದದ್ದು, ಇವೆಲ್ಲ ನಿಮಗೂ ಗೊತ್ತಿರುವ ಕಥೆ. ನಮ್ಮ ಕಾಕಾ ಇಂಥದ್ದೊಂದನ್ನು ಸಾಕಿದ್ದಾನೆ. ಹೆಸರು ತುಫಾನ್. ಮೈಮೇಲೆ ಕೊಬ್ಬು ಅನ್ನೋದೇ ಇಲ್ಲ. ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಉದ್ದ ಮೂತಿ. ಪಕ್ಕೆಲುಬು ಎಣಿಸಬಹುದು. ಹೊರಗಿನವರು ನೋಡಿದರೆ ಊಟ ಹಾಕೋದಿಲ್ಲವೇನೋ ಅಂದುಕೊಳ್ಳಬೇಕು. ತ್ರೀಡಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ನಾಯಿ ಸಿಗಲಾರದು. ಬೇರೆ ತಳಿಯಲ್ಲಿ ಕೂದಲಿನ ಕೆಳಗೆ ಮುಚ್ಚಿಹೋಗುವುದೆಲ್ಲ ಇದರಲ್ಲಿ ಹೊರಗೇ ಕಾಣುತ್ತದೆ. ಟರ್ಮ್ ಪ್ರಾಜೆಕ್ಟಿಗೆ ಇದನ್ನೇ ಓಡಿಸುತ್ತೇನೆ ಅಂತ ಹೆಸರು ಕೊಟ್ಟೆ.

ಮೈಯನ್ನು ಕಟ್ಟುವುದು ಅಷ್ಟು ಕಷ್ಟವಾಗಲಿಲ್ಲ. ಫೋಟೋ ಎದುರಿಗಿಟ್ಟುಕೊಂಡು ನಾಲ್ಕು ಮೂಲೆಯ ಚೌಕಗಳಲ್ಲೇ ಮೆಶ್, ಅಂದರೆ ಮೈಯ ಬಲೆ, ಬೆಳೆಸುತ್ತ ಹೋಗಬೇಕು. ಮಡಚುವ ಜಾಗದಲ್ಲಿ ಗೆರೆಗಳನ್ನು ಸುತ್ತಾಗಿ ಹರಿಸಬೇಕು, ಇಲ್ಲದಿದ್ದರೆ ಕಾಲು ಮಡಚಿದಾಗ ಚರ್ಮ ಮುದುಡಿ ಒಳಗೆ ಹೋಗುತ್ತದೆ. ಆಮೇಲೆ ಒಳಗೆ ಎಲುಬು ಕೂಡಿಸುವ ಕೆಲಸ, ಅಂದರೆ ರಿಗ್ ಮಾಡುವುದು. ಬ್ಲೆಂಡರಿನ ರಿಗಿಫೈ ಅನ್ನುವ ಸೌಲಭ್ಯದಲ್ಲಿ ಮನುಷ್ಯ, ಬೆಕ್ಕು, ತೋಳ, ಕುದುರೆ, ಹಕ್ಕಿ ಇವುಗಳ ಎಲುಬುಗೂಡು ರೆಡಿ ಸಿಗುತ್ತದೆ. ತೋಳದ್ದನ್ನು ತಗೊಂಡು ಎಳೆದು ಹೊಂದಿಸಿದೆ. ಇಲ್ಲಿ ಎರಡು ವಿಷಯ ಹೊಸದಾಗಿ ಗೊತ್ತಾದವು. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವುದು ಮೊಣಕಾಲಲ್ಲ, ಅದು ಹಿಮ್ಮಡಿ. ನಾಯಿ ಜೀವನಪೂರ್ತಿ ಬೆರಳ ತುದಿಯ ಮೇಲೇ ನಡೆಯುತ್ತದೆ. ಇನ್ನೊಂದು, ನಾಯಿಯ ಹೆಗಲಿನ ಅಗಲವಾದ ಎಲುಬಿಗೂ ಮೈಯ ಎಲುಬುಗೂಡಿಗೂ ಎಲುಬಿನ ಸಂಬಂಧವೇ ಇಲ್ಲ. ನಮಗಿರುವಂಥ ಕಾಲರ್ ಬೋನ್ ಅದಕ್ಕೆ ಹೆಸರಿಗೆ ಮಾತ್ರ. ಮುಂಗಾಲುಗಳ ನಡುವೆ ಮೈ ಬರೀ ಸ್ನಾಯುಗಳ ಜೋಲಿಯಲ್ಲಿ ತೂಗುತ್ತಿರುತ್ತದೆ. ಹೆಗಲೆಲುಬು ಚರ್ಮದ ಕೆಳಗೆ ಹಿಂದೆ ಮುಂದೆ ಜಾರುತ್ತದೆ. ಹಾಗಾಗಿ ಹೆಗಲನ್ನು ಒಂದು ಮೊಳೆಗೆ ಸಿಗಿಸಿದ ಹಾಗೆ ರಿಗ್ ಮಾಡಿದರೆ ಮುಂಗಾಲಿನ ಚಾಚು ಅರ್ಧಕ್ಕೇ ನಿಂತುಬಿಡುತ್ತದೆ.

ಉಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಕಟ್ಟೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಕಾಕಾ ಹೊಲದಿಂದ ಬಂದವನು ಕೈಕಾಲು ತೊಳೆದು ಪಕ್ಕದಲ್ಲಿ ಕೂತ.

"ಏನ ಮಾಡಾಕತ್ತೀಯವಾ ಅದರಾಗ?"

"ನಾಯಿ ಓಡಸಾಕತ್ತೀನಿ ಕಾಕಾ."

"ಯಾರ ನಾಯಿ?"

"ನಿಂದ. ತುಫಾನ್."

ಕಾಕಾ ಕನ್ನಡಕ ಹಾಕಿಕೊಂಡ. ಓಟ ಲೂಪಿನಲ್ಲಿ ಓಡುತ್ತಲೇ ಇತ್ತು. ಅವನು ತಲೆ ಆ ಕಡೆ ಈ ಕಡೆ ಮಾಡಿ ನೋಡಿದ. ಚಹಾ ಬಂತು, ಕುಡಿಯುತ್ತ ನೋಡಿದ. ಕಾಕಾ ಓದಿದ್ದು ಏಳನೇ ಕ್ಲಾಸು. ಅನಿಮೇಶನ್ ಅಂದರೆ ಮೊಮ್ಮಕ್ಕಳ ಟೀವಿಯಲ್ಲಿ ಬರುವುದು ಅನ್ನುವುದಷ್ಟೇ ಅವನ ಲೆಕ್ಕ. "ಹುಡುಗಿ ಬೆಳಗಾವಿಗೆ ಕಾರ್ಟೂನ ಕಲಿಯಾಕ ಹೋಗ್ಯಾಳ" ಅಂತ ಊರ ತುಂಬ ಹೇಳಿಕೊಂಡು ಬಂದವನೂ ಅವನೇ. ಕೊನೆಗೆ ಕಪ್ಪು ಕೆಳಗಿಟ್ಟು, "ನಾಯಿ ಖರೆ ಐತಿ. ಆದ್ರ ಓಡಾಕತ್ತಿಲ್ಲ" ಅಂದ.

"ಕಾಲ ನೋಡು ಕಾಕಾ, ಎಲ್ಲಾ ಬರೋಬ್ಬರಿ ಅದಾವು."

"ಕಾಲ ಯಾಂವ ನೋಡತಾನ? ಈ ನಾಯಿ ಕಾಲಿಲೆ ಓಡೂದಿಲ್ಲವಾ. ಬೆನ್ನಿಲೆ ಓಡತೈತಿ."

ಆಮೇಲೆ ತನ್ನ ಅಂಗೈಯನ್ನು ಕವುಚಿ, ಗೂನು ಮಾಡಿ, ಚಪ್ಪಟೆ ಮಾಡಿ ತೋರಿಸಿದ. ಹಿಂಗ ಮಡಚತೈತಿ, ಹಿಂಗ ಬಿಚ್ಚತೈತಿ. ಎಲ್ಲಿ ಮಡಚಬೇಕು ಅಂತ ಕೇಳಿದ್ದಕ್ಕೆ ತುಫಾನ್‌ನನ್ನು ಹತ್ತಿರ ಕರೆದು, ಪಕ್ಕೆಲುಬು ಮುಗಿದ ಜಾಗದಿಂದ ಬಾಲದ ಬುಡದವರೆಗೆ ಬೆರಳು ಓಡಿಸಿದ. ಇಲ್ಲೆ. ಇದರ ಮುಂದ ಅಷ್ಟ ಮಡಚೂದಿಲ್ಲ. ಆಮೇಲೆ ಅಂಗರಚನೆಯ ಚಿತ್ರಗಳನ್ನು ತೆಗೆದು ನೋಡಿದೆ. ನಾಯಿಗೆ ಪಕ್ಕೆಲುಬು ಹೊತ್ತ ಕಶೇರುಗಳು 13, ಅದರ ಹಿಂದೆ ಸೊಂಟದವು 7. ಬೆನ್ನು ಹೆಚ್ಚು ಬಾಗುವುದು ಆ 7ರಲ್ಲಿ ಮತ್ತು ಅವು ಸೊಂಟದ ಮೂಳೆಗೆ ಸೇರುವ ಜಾಗದಲ್ಲಿ. ಕಾಕಾನ ಬೆರಳು ಓಡಿದ್ದು ಸರಿಯಾಗಿ ಅಲ್ಲೇ.

7 ಫ್ರೇಮು

ಮರುದಿನ ಬೆಳಿಗ್ಗೆ ಕಾಕಾನ ಮಗ ಬೈಕಿನ ಹಿಂದೆ ಉದ್ದ ಹಗ್ಗ ಕಟ್ಟಿ, ತುದಿಗೆ ಹಳೇ ಅರಿವೆ ಸುತ್ತಿದ. ಕಡಲೆ ಕಿತ್ತು ಖಾಲಿ ಬಿದ್ದ ಎರೆ ಹೊಲ, ಪಕ್ಕದಲ್ಲಿ ಗಟ್ಟಿ ದಾರಿ. ನಾನು ಬದುವಿನ ಮೇಲೆ ಫೋನ್ ಹಿಡಿದು ಕೂತೆ. ಸ್ಲೋ ಮೋಶನ್, ಸೆಕೆಂಡಿಗೆ 240 ಫ್ರೇಮು. ಕಾಕಾ ತುಫಾನ್‌ನ ಪಟ್ಟಿ ಹಿಡಿದು ನಿಂತಿದ್ದ. ಬೈಕ್ ಹೊರಟಿತು, ಅರಿವೆ ಮಣ್ಣಿನ ಮೇಲೆ ಕುಣಿಯಿತು, ಕಾಕಾ ಪಟ್ಟಿ ಬಿಟ್ಟ. ನನ್ನ ಎದುರಿನಿಂದ ಅದು ಹಾದುಹೋದದ್ದು ಗೊತ್ತಾಗಿದ್ದು ಹೋದಮೇಲೆ. ಧೂಳು ಬಾಯಿಗೆ ಬಂತು. ಮೊದಲ ಸಲ ವಿಡಿಯೋದಲ್ಲಿ ನಾಯಿಗಿಂತ ಧೂಳೇ ಜಾಸ್ತಿ ಬಂದಿತ್ತು. ಗಾಳಿ ಬೀಸುವ ಕಡೆ ಬದಲಿಸಿ, ಎದುರು ಬದುವಿಗೆ ಹೋಗಿ ಮತ್ತೆ ಕೂತೆ. ತುಫಾನ್‌ಗೆ ಇದೊಂದು ಜಾತ್ರೆ. ಅರಿವೆ ಸಿಕ್ಕ ಮೇಲೆ ಬಿಡಲೊಲ್ಲದು. ಕೊನೆಗೆ ಬೈಕಿನ ಪೆಟ್ರೋಲ್ ಮುಗಿಯಿತು, ಅದರ ಹುರುಪು ಮುಗಿಯಲಿಲ್ಲ.

ಮನೆಗೆ ಬಂದು ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಮೊದಲು ಕಂಡದ್ದು ಎರಡು ಹಾರಾಟ. ಹಿಂಗಾಲುಗಳು ನೆಲವನ್ನು ಒದ್ದ ಮೇಲೆ ನಾಯಿ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಮುಂಗಾಲು ಮುಂದೆ, ಹಿಂಗಾಲು ಹಿಂದೆ, ನಾಲ್ಕೂ ನೆಲ ಬಿಟ್ಟಿವೆ. ಆಮೇಲೆ ಮುಂಗಾಲುಗಳು ಒಂದಾದಮೇಲೊಂದು ನೆಲ ಮುಟ್ಟಿ ಒದೆಯುತ್ತವೆ. ಈಗ ಬೆನ್ನು ಬಿಲ್ಲಿನಂತೆ ಬಾಗಿ, ಹಿಂಗಾಲುಗಳು ಹೊಟ್ಟೆಯ ಕೆಳಗಿಂದ ಬಂದು ಮುಂಗಾಲುಗಳನ್ನೂ ದಾಟಿ ಮುಂದೆ ಹೋಗುತ್ತವೆ. ಮತ್ತೆ ನಾಲ್ಕೂ ಗಾಳಿಯಲ್ಲಿ. ಕುದುರೆಯಲ್ಲಿ ಹೀಗಿಲ್ಲ. ಅದರ ಬೆನ್ನು ಬಿಗಿ, ಹಾರಾಟ ಒಂದೇ, ಅದೂ ಕಾಲುಗಳು ಹೊಟ್ಟೆಯ ಕೆಳಗೆ ಕೂಡಿಬಂದಾಗ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದಾಗ ಇದು ಬಯಲಾಯಿತು. ಅದಕ್ಕೂ ಮೊದಲು ಯುರೋಪಿನ ದೊಡ್ಡ ದೊಡ್ಡ ಚಿತ್ರಕಾರರು ಕುದುರೆಯ ನಾಲ್ಕೂ ಕಾಲನ್ನು ಹಿಂದೆ ಮುಂದೆ ಚಾಚಿ ಗಾಳಿಯಲ್ಲಿ ಹಾರಿಸುತ್ತಿದ್ದರು. ಅದು ತಪ್ಪು ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಸರಿ, ಕುದುರೆಯಲ್ಲಿ ತಪ್ಪು. ಆದರೆ ಆ ಭಂಗಿ ನನ್ನ ಫೋನಿನಲ್ಲಿತ್ತು! ಬೇಟೆ ನಾಯಿಯ ಬಿಚ್ಚಿದ ಹಾರಾಟ ಥೇಟ್ ಹಾಗೇ ಇರುತ್ತದೆ. ಆ ಚಿತ್ರಕಾರರು ಕುದುರೆ ಜೊತೆ ಓಡುವ ನಾಯಿಗಳನ್ನು ನೋಡಿ ನೋಡಿ ಕುದುರೆಗೂ ಅದನ್ನೇ ಹಾಕಿದರೇನೋ. ಇದು ನನ್ನ ಊಹೆ, ಹಿಡಿದು ವಾದಕ್ಕೆ ಇಳಿಯಬೇಡಿ.

ಇನ್ನು ಲೆಕ್ಕ. ಗ್ರೇಹೌಂಡ್ ನಾಯಿಗಳ ಓಟ ಅಳೆದವರು ಸೆಕೆಂಡಿಗೆ ಸುಮಾರು ಮೂರೂವರೆ ದಾಪುಗಾಲು ಅಂತಾರೆ. ತುಫಾನ್‌ನದೂ ಅದರ ಆಸುಪಾಸೇ ಇತ್ತು. ಸಿನಿಮಾದ 24 ಫ್ರೇಮಿಗೆ ಇಳಿಸಿದರೆ ಒಂದು ದಾಪುಗಾಲಿಗೆ ಸಿಗುವುದು 7 ಫ್ರೇಮು. ಈ 7ರೊಳಗೆ ಎರಡು ಹಾರಾಟ, ನಾಲ್ಕು ಕಾಲಿನ ಸ್ಪರ್ಶ, ಬೆನ್ನಿನ ಒಂದು ಪೂರ್ತಿ ಮಡಚು-ಬಿಚ್ಚು. ಒಂದೊಂದು ಕಾಲು ನೆಲದ ಮೇಲಿರುವುದು ಒಂದು ಫ್ರೇಮು, ಹೆಚ್ಚೆಂದರೆ ಎರಡು. ಇಂಥಲ್ಲಿ ಎರಡು ಭಂಗಿ ಕೊಟ್ಟು ನಡುವಿನದನ್ನು ಕಂಪ್ಯೂಟರ್ ತುಂಬಲಿ ಅಂದರೆ ಏನಾಗುತ್ತದೆ? ಮಡಚಿದ್ದಕ್ಕೂ ಬಿಚ್ಚಿದ್ದಕ್ಕೂ ಸರಾಸರಿ ತೆಗೆಯುತ್ತದೆ. ಸರಾಸರಿ ಅಂದರೆ ನೆಟ್ಟಗಿನ ಬೆನ್ನು. ಕಾಕಾ ಯಾವುದನ್ನು ನೋಡಿ ಓಡಾಕತ್ತಿಲ್ಲ ಅಂದನೋ ಅದೇ. ನಿಜವಾದ ನಾಯಿಯಲ್ಲಿ ಹಿಂಬದಿ ಮೊದಲು ಬಾಗುತ್ತದೆ, ಆ ಅಲೆ ಹೆಗಲಿಗೆ ಬರುವ ಹೊತ್ತಿಗೆ ಹಿಂಬದಿ ಬಿಚ್ಚಲು ಶುರುಮಾಡಿರುತ್ತದೆ. ಬಾಲಕ್ಕೆ ಸುದ್ದಿ ಎಲ್ಲಕ್ಕಿಂತ ತಡವಾಗಿ ತಲುಪುತ್ತದೆ. ಎಲ್ಲ ಎಲುಬುಗಳಿಗೂ ಒಂದೇ ಫ್ರೇಮಿನಲ್ಲಿ ಕೀ ಹಾಕಿದರೆ ಈ ಅಲೆಯೇ ಸತ್ತುಹೋಗುತ್ತದೆ. ಕೊನೆಗೆ 7ಕ್ಕೆ 7 ಫ್ರೇಮನ್ನೂ ನಾನೇ ಇಟ್ಟೆ. ಕಂಪ್ಯೂಟರಿಗೆ ತುಂಬಲು ಒಂದು ಫ್ರೇಮೂ ಉಳಿಯಲಿಲ್ಲ.

ಕರೆಂಟು, ಕೆಲಸ, ಇತ್ಯಾದಿ

ಇದನ್ನು ಬೇಗ ಮುಗಿಸುತ್ತೇನೆ. 10 ಸೆಕೆಂಡಿನ ಒಂದು ಶಾಟ್ ಅಂದರೆ 240 ಫ್ರೇಮು. ಒಂದು ಫ್ರೇಮ್ ರೆಂಡರಾಗಲು, ಅಂದರೆ ಕಂಪ್ಯೂಟರ್ ಅದನ್ನು ಪೂರ್ತಿ ಚಿತ್ರವಾಗಿ ತಯಾರಿಸಲು, 5 ನಿಮಿಷ ಹಿಡಿದರೂ ಒಟ್ಟು 20 ಗಂಟೆ. ಊರಿನಲ್ಲಿ 20 ಗಂಟೆ ಸತತ ಕರೆಂಟು ಇದ್ದರೆ ಅದೇ ಹಬ್ಬ. ಹಾಗಾಗಿ ನಮ್ಮ ಕಡೆಯವರು ಕಲಿಯುವ ಮೊದಲ ಜಾಣತನ, ಸೀದಾ ವಿಡಿಯೋ ಫೈಲಾಗಿ ರೆಂಡರ್ ಮಾಡಬಾರದು, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸಬೇಕು ಅನ್ನೋದು. ಕರೆಂಟು ಹೋದರೆ ಹೋಗೋದು ಒಂದೇ ಚಿತ್ರ. ಕೆಲಸದ ವಿಷಯ ಕೇಳಿದರೆ, ನಮ್ಮ ಸೀನಿಯರುಗಳು ಬೆಂಗಳೂರು, ಹೈದರಾಬಾದ್, ಪುಣೆಗೆ ಹೋಗಿದ್ದಾರೆ. ಹೆಚ್ಚಿನವರಿಗೆ ಮೊದಲು ಸಿಗುವುದು ರೋಟೋ. ಅಂದರೆ ಹೊರದೇಶದ ಸಿನಿಮಾಗಳ ಫ್ರೇಮಿನಲ್ಲಿ ನಟರ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವ ಕೆಲಸ. ಅನಿಮೇಶನ್, ಗೇಮಿಂಗ್ ರಂಗಕ್ಕೆ ಅಂತಲೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ. ಕಂಪನಿಗಳು ಮಾತ್ರ ಇನ್ನೂ ತುಮಕೂರಿನ ಈಚೆಗೆ ಬರಲು ಮನಸ್ಸು ಮಾಡಿಲ್ಲ.

ಈಗ ಭಂಗಿಯೂ ಪುಕ್ಕಟೆ

ಈ ಬರಹ ಬರೆಯಲು ಕೂತದ್ದೇ ಇದಕ್ಕೆ. ಇತ್ತೀಚೆಗೆ ಕ್ಲಾಸಿನ ಒಬ್ಬ ಎಐ ವಿಡಿಯೋ ಮಾಡುವ ಒಂದು ತಾಣದಲ್ಲಿ "ಹೊಲದಲ್ಲಿ ಓಡುವ ಬೇಟೆ ನಾಯಿ" ಅಂತ ಒಂದು ಸಾಲು ಬರೆದ. ಒಂದೆರಡು ನಿಮಿಷದಲ್ಲಿ ನಾಯಿ ಬಂತು. ಕೂದಲು, ಬೆಳಕು, ಹಾರುವ ಮಣ್ಣು ಎಲ್ಲ ಇತ್ತು. ನನ್ನ ತಿಂಗಳುಗಳ ಕೆಲಸದ ಪಕ್ಕದಲ್ಲಿ ಇಟ್ಟರೆ ನನ್ನದು ಮಣ್ಣಿನ ಗೊಂಬೆ. ಒಂದು ಕ್ಷಣ ಎದೆ ಧಸಕ್ಕೆಂದಿತು. ಮೊದಲು ಕಂಪ್ಯೂಟರ್ ನಡುವಿನ ಫ್ರೇಮುಗಳನ್ನು ಮಾತ್ರ ಪುಕ್ಕಟೆ ಕೊಡುತ್ತಿತ್ತು. ಭಂಗಿ ನಮ್ಮದಾಗಿತ್ತು. ಈಗ ಭಂಗಿಯನ್ನೂ ಅದೇ ಕೊಡುತ್ತದೆ. ಹಾಗಾದರೆ ನಮ್ಮದೇನು ಉಳಿಯಿತು ಅಂತ ಕ್ಲಾಸಿನಲ್ಲಿ ದೊಡ್ಡ ಜಗಳವೇ ಆಯಿತು. ಅರ್ಧ ಜನ ಕೋರ್ಸ್ ಬಿಟ್ಟುಬಿಡೋಣ ಅನ್ನುವವರೆಗೆ ಹೋದರು.

ಆ ವಿಡಿಯೋವನ್ನು ನಾನೂ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಎಡಗಾಲು ಬಲಗಾಲನ್ನು ದಾಟುವ ಜಾಗದಲ್ಲಿ ಎರಡೂ ಕರಗಿ ಅದಲುಬದಲಾಗಿದ್ದವು. ಬೆನ್ನು ಬಾಗಿತ್ತು, ಆದರೆ ಯಾವ ಕಾಲು ನೆಲದಲ್ಲಿದೆ ಅನ್ನೋದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇಂಥ ದೋಷಗಳು ಮುಂದೆ ಸರಿಹೋಗುತ್ತವೆ, ಅದನ್ನು ನೆಚ್ಚಿಕೊಂಡು ಕೂರುವ ದಡ್ಡತನ ನನಗೆ ಬೇಡ. ನನ್ನ ತಕರಾರು ಬೇರೆ. ಅದನ್ನು ಮಾಡಿದವನಿಗೆ ಕಾಲು ಅದಲುಬದಲಾದದ್ದು ಕಾಣಲೇ ಇಲ್ಲ. ತೋರಿಸಿದ ಮೇಲೂ "ಯಾರ್ ನೋಡ್ತಾರ ಬಿಡಲೇ" ಅಂದ. ಚೆಂಡನ್ನು ಕಷ್ಟಪಟ್ಟು ಬೀಳಿಸಿದವರಿಗೆ ಮಾತ್ರ ಚೆಂಡು ತೇಲುವುದು ಕಾಣುತ್ತದೆ. ಕಾಕಾಗೆ ಕಂಡದ್ದು ಅವನು ಅನಿಮೇಶನ್ ಕಲಿತಿದ್ದಕ್ಕಲ್ಲ, ಸಾವಿರ ಸಲ ಆ ನಾಯಿಯ ಪಟ್ಟಿ ಬಿಟ್ಟು ಅದು ಓಡುವುದನ್ನು ನೋಡಿದ್ದಕ್ಕೆ. ನನಗೆ ಅಷ್ಟು ವರ್ಷ ಹೊಲದಲ್ಲಿ ನಿಲ್ಲಲು ಆಗುವುದಿಲ್ಲ. 7 ಫ್ರೇಮುಗಳನ್ನು ಕೈಯಿಂದ ಇಡುವುದೇ ನನ್ನ ಪಾಲಿನ ನೋಡುವಿಕೆ. ಮುಂದೆ ನಾನೂ ಎಐ ಬಳಸಬಹುದು, ಕಂಪನಿಗಳು ಬಳಸಲೇಬೇಕು ಅನ್ನಬಹುದು. ಆಗಲೂ ಅದು ಕೊಟ್ಟ ನಾಯಿಯನ್ನು ನೋಡಿ 'ಇದು ಓಡಾಕತ್ತಿಲ್ಲ' ಅನ್ನುವವರೊಬ್ಬರು ಕೋಣೆಯಲ್ಲಿ ಬೇಕಲ್ವಾ? ಆ ಕೆಲಸಕ್ಕೆ ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ.

ನಿಲ್ಲುವುದು

ಓಟ ಮುಗಿಸಿ ಕಾಕಾಗೆ ವಿಡಿಯೋ ಕಳಿಸಿದೆ. ವಾಟ್ಸಾಪಿನಲ್ಲಿ ಬರೀ ಹೆಬ್ಬೆಟ್ಟು ಬಂತು. ರಾತ್ರಿ ಫೋನ್ ಮಾಡಿ, "ಈಗ ಓಡತೈತಿ. ನಿಲ್ಲೂದ ಯಾವಾಗ?" ಅಂದ. ನಾಯಿ ನಿಲ್ಲಿಸೋದು ಏನು ಮಹಾ ಅನ್ನಿಸಬಹುದು. ಅದೇ ಈಗ ನನ್ನ ನಿದ್ದೆ ಕೆಡಿಸಿರುವುದು. ಕೈಯಲ್ಲಿ ಬರೆದ ಕಾರ್ಟೂನಿನಲ್ಲಿ ಒಂದೇ ಚಿತ್ರವನ್ನು ಒಂದು ಸೆಕೆಂಡು ಹಾಗೇ ಹಿಡಿದಿಟ್ಟರೂ ಪಾತ್ರ ಬದುಕಿರುತ್ತದೆ. ತ್ರೀಡಿಯಲ್ಲಿ ಹಾಗೆ ಮಾಡಿದರೆ ಕೆಲವೇ ಫ್ರೇಮುಗಳಲ್ಲಿ ಅದು ಸತ್ತು ಪ್ಲಾಸ್ಟಿಕ್ ಆಗುತ್ತದೆ. ಲ್ಯಾಸೆಟರ್ ಕೂಡ ಆ 1987ರ ಲೇಖನದಲ್ಲಿ ಇದನ್ನೇ ಹೇಳಿದ್ದಾನೆ. ನಿಂತ ನಾಯಿಯ ಪಕ್ಕೆ ಏರಿಳಿಯಬೇಕು, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯಬೇಕು, ಕಿವಿ ಒಂದು ಕಡೆ ಹೊರಳಬೇಕು. ಅದೂ ಯಾರ ಕಣ್ಣಿಗೂ ಬೀಳದ ಹಾಗೆ.

ಬನಶಂಕರಿ ಜಾತ್ರೆಗೆ ಹೋದಾಗ ಕ್ಲಾಸಿನ ಗೆಳತಿಯರ ಜೊತೆ ಬಾದಾಮಿಯ ಒಂದನೇ ಗುಹೆ ಹತ್ತಿದ್ದೆವು. 18 ಕೈಯ ನಟರಾಜನ ಮುಂದೆ ಗೈಡ್ 81 ಭಂಗಿಗಳ ಲೆಕ್ಕ ಹೇಳುತ್ತಿದ್ದ. ಒಬ್ಬಳು ಮೆಲ್ಲಗೆ, "ಶಿಲ್ಪಿ ಓನಿಯನ್ ಸ್ಕಿನ್ ಆಫ್ ಮಾಡೂದ ಮರತಾನ" ಅಂದಳು. ಹಿಂದಿನ, ಮುಂದಿನ ಫ್ರೇಮುಗಳು ತೆಳ್ಳಗೆ ಕಾಣುವಂತೆ ಮಾಡುವ ಬಟನ್ ಅದು. ನಕ್ಕು ನಕ್ಕು ಗೈಡಿನಿಂದ ಬೈಸಿಕೊಂಡೆವು. ಅದು ಆರನೇ ಶತಮಾನದ ಅನಿಮೇಶನ್ ಅಂತೆಲ್ಲ ವಾಟ್ಸಾಪಿನಲ್ಲಿ ಬಂದರೆ ನಾನು ನಂಬುವುದಿಲ್ಲ. ಆ ಕೈಗಳು ಒಂದರ ನಂತರ ಒಂದು ಬರುವ ಫ್ರೇಮುಗಳಲ್ಲ. ನನ್ನ ಕಣ್ಣು ನಿಂತದ್ದು ಕೈಗಳ ಮೇಲೂ ಅಲ್ಲ. ಕೆಳಗೆ ಮೊಣಕಾಲು ಬಾಗಿದೆ, ಸೊಂಟ ಒಂದು ಕಡೆ ಹೊರಳಿದೆ. ಕಲ್ಲು ಒಂದಿಷ್ಟೂ ಅಲುಗುವುದಿಲ್ಲ, ಆದರೂ ಮೈಭಾರ ಎಲ್ಲಿದೆ ಅಂತ ತಿಳಿಯುತ್ತದೆ. ಪಕ್ಕೆಯ ಏರಿಳಿತ ಇಲ್ಲದೆಯೇ ಆ ಶಿಲ್ಪಿ ಅದನ್ನು ಹೇಗೆ ಸಾಧಿಸಿದ ಅಂತ ನನಗೆ ಹೊಟ್ಟೆಕಿಚ್ಚು.

ದೀಪಾವಳಿಗೆ ಊರಿಗೆ ಹೋಗುವಾಗ ಈ ಸಲ ಫೋನಿಗೆ ಒಂದು ಸ್ಟ್ಯಾಂಡ್ ಒಯ್ಯಬೇಕು. ಓಡಿ ಬಂದ ತುಫಾನ್ ನಿಂತು ಏದುಸಿರು ಬಿಡುವುದನ್ನು ಒಂದು ಗಂಟೆ ಹಾಗೇ ಹಿಡಿಯಬೇಕು ಅಂತಿದ್ದೇನೆ. ಕಾಕಾ ಒಪ್ಪಿದ್ದಾನೆ. ಪಟಾಕಿ ಸದ್ದಿಗೆ ನಾಯಿ ಮಂಚದ ಕೆಳಗಿಂದ ಹೊರಗೆ ಬರೋದೇ ಅನುಮಾನ ಅಂತಾಳೆ ಅವ್ವ. ಹಾಗಾದರೆ ಹಬ್ಬ ಮುಗಿದ ಮೇಲೆ ಎರಡು ದಿನ ಜಾಸ್ತಿ ಇದ್ದು ಬರಬೇಕು, ಕ್ಲಾಸಿಗೆ ರಜಾ ಹಾಕಿ.